ಬೀದಿ ಬೆಕ್ಕನ್ನು ದತ್ತು ತರುವ ಮುನ್ನ: ಯಾವ ಸಾಮಾನು ತಾಳುತ್ತದೆ, ಯಾವುದು ಕೈಕೊಡುತ್ತದೆ

ತಲೆ ತೂರಿದ ಕಡೆ ಬೆಕ್ಕಿನ ಮೈಯೆಲ್ಲ ತೂರುತ್ತದೆ. ಅದರ ಕೊರಳೆಲುಬು ಬೇರೆ ಯಾವ ಮೂಳೆಗೂ ಕೂಡಿಕೊಂಡಿಲ್ಲ, ಹಾಗಾಗಿ ಹೆಗಲೆರಡೂ ಒಳಕ್ಕೆ ಮಡಚಿಕೊಳ್ಳುತ್ತವೆ. ಬೆಂಗಳೂರಿನ ಮನೆಗಳ ಕಿಟಕಿ ಗ್ರಿಲ್‌ನಲ್ಲಿ ಸರಳುಗಳ ನಡುವೆ ನಾಲ್ಕಿಂಚು ಜಾಗ ಇರುವುದು ಮಾಮೂಲು. ಕಳ್ಳರಿಗೆಂದು ಹಾಕಿಸಿದ ಈ ಗ್ರಿಲ್ ಬೆಳೆದ ಬೆಕ್ಕಿಗೂ ಅಡ್ಡಿಯಲ್ಲ, ಮರಿಗಂತೂ ಅಲ್ಲವೇ ಅಲ್ಲ. ಬೀದಿಯಿಂದ ರಕ್ಷಿಸಿದ ಬೆಕ್ಕನ್ನು ದತ್ತು ತರಲು ಹೊರಟವರು ಬಟ್ಟಲು, ಬುಟ್ಟಿ, ಗೆಜ್ಜೆ ಬೆಲ್ಟು ಎಂದು ಅಂಗಡಿಗೆ ಓಡುವ ಮೊದಲು ಟೇಪು ಹಿಡಿದು ಕಿಟಕಿ ಅಳೆಯಬೇಕು. ದುಡ್ಡು ಖರ್ಚಾಗಬೇಕಾದ ಕ್ರಮ ನಮ್ಮ ಲೆಕ್ಕದಲ್ಲಿ ಇಷ್ಟೇ: ಮೊದಲು ಜಾಲರಿ, ಆಮೇಲೆ ಡಾಕ್ಟರು, ಮಿಕ್ಕಿದ್ದು ಅಂಗಡಿಗೆ. ಕೆಳಗಿನ ವಿಮರ್ಶೆಯೂ ಹೆಚ್ಚುಕಮ್ಮಿ ಅದೇ ತೂಕದಲ್ಲಿದೆ.

ಜಾಲರಿ

“ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೇ ಬೀಳುತ್ತೆ” ಎಂಬ ನಂಬಿಕೆ ಎಷ್ಟೋ ಬೆಕ್ಕುಗಳ ಪ್ರಾಣಕ್ಕೆ ಕುತ್ತು ತಂದಿದೆ. ಕಾಲ ಮೇಲೆ ಬೀಳುವುದು ನಿಜ. ಆದರೆ ನಾಲ್ಕನೇ ಮಹಡಿಯಿಂದ ಕಾಲ ಮೇಲೆ ಬಿದ್ದರೂ ಎದೆ ನೆಲಕ್ಕೆ ಅಪ್ಪಳಿಸುತ್ತದೆ, ಗದ್ದ ಬಡಿದು ಅಂಗುಳು ಸೀಳುತ್ತದೆ, ಕಾಲು ಮುರಿಯುತ್ತದೆ. 1987ರಲ್ಲಿ ನ್ಯೂಯಾರ್ಕ್‌ನ ಪಶುವೈದ್ಯರು ಬಹುಮಹಡಿ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರ ಪ್ರಕಟಿಸಿದಾಗ ಕಂಡದ್ದು ಇದೇ ಗಾಯಗಳು: ಎದೆ, ದವಡೆ, ಕಾಲು. ಬಾಲ್ಕನಿಯ ಕಟ್ಟೆಯ ಮೇಲೆ ಕೂತ ಬೆಕ್ಕು ಪಾರಿವಾಳ ಕಂಡೊಡನೆ ಹಾರುತ್ತದೆ. ಕೆಳಗೆ ಏನಿದೆ ಎಂದು ಆ ಕ್ಷಣದಲ್ಲಿ ಅದು ನೋಡುವುದಿಲ್ಲ.

ಪಾರಿವಾಳದ ನೆಟ್ ಎಂದು ಕಟ್ಟುವ ನೈಲಾನ್ ಬಲೆಯ ಕಣ್ಣು ಸಾಮಾನ್ಯವಾಗಿ 50 ಮಿ.ಮೀ. ಇರುತ್ತದೆ. ಪಾರಿವಾಳ ತಡೆಯಲು ಅದು ಸಾಕು, ಎರಡು ತಿಂಗಳ ಮರಿಯನ್ನು ತಡೆಯಲು ಸಾಲದು. ಬೆಳೆದ ಬೆಕ್ಕು ತೂರದಿದ್ದರೂ ಕಡಿಯುತ್ತದೆ. ತೆಳು ನೈಲಾನ್ ಎಳೆಯನ್ನು ದವಡೆಯ ಹಲ್ಲಿಗೆ ಸಿಕ್ಕಿಸಿ ತುಂಡರಿಸುವುದು ಅದಕ್ಕೆ ಕೆಲವೇ ನಿಮಿಷದ ಕೆಲಸ. ಬಲೆಯೇ ಹಾಕಿಸುವುದಾದರೆ 25ರಿಂದ 30 ಮಿ.ಮೀ. ಕಣ್ಣಿನ, ಬಿಸಿಲು ತಾಳುವ, ಗಟ್ಟಿ ಪ್ಲಾಸ್ಟಿಕ್ ಎಳೆಯಿಂದ ಹೆಣೆದ ಎಚ್‌ಡಿಪಿಇ ಬಲೆ ಕೇಳಿ. ಹೆಸರು ಮಾತ್ರ ಹೇಳಿ ಬೇರೇನೋ ಕಟ್ಟಿ ಹೋಗುವವರು ಇರುವುದರಿಂದ, ಒಂದು ಅಂಗೈ ಅಗಲದ ತುಂಡನ್ನು ಮೊದಲು ತರಿಸಿಕೊಂಡು ಸ್ಕೇಲಿಟ್ಟು ಅಳೆಯಿರಿ.

ಬಲೆ ಸೋಲುವುದು ನಡುವೆ ಅಲ್ಲ, ಅಂಚಿನಲ್ಲಿ. ಕಟ್ಟುವವರು ಕೊಕ್ಕೆಗಳನ್ನು ಎರಡೆರಡು ಅಡಿ ದೂರ ಹೊಡೆದು ಹೋಗುತ್ತಾರೆ. ಬೆಕ್ಕು ಗೋಡೆ ಮತ್ತು ಬಲೆ ಸೇರುವ ಜಾಗಕ್ಕೆ ಮೂತಿ ಇಟ್ಟು ನೂಕುತ್ತದೆ, ಎರಡು ಕೊಕ್ಕೆಗಳ ನಡುವೆ ಬಲೆ ಕಮಾನಿನ ಹಾಗೆ ಎದ್ದು ತಲೆ ಹೋಗುವಷ್ಟು ಜಾಗ ಬಿಡುತ್ತದೆ. ಕೊಕ್ಕೆ 30 ಸೆಂ.ಮೀ.ಗೆ ಒಂದು ಇರಬೇಕು, ಅಂಚಿನುದ್ದಕ್ಕೂ ದಪ್ಪ ಹಗ್ಗ ಪೋಣಿಸಿರಬೇಕು, ಕೆಳಗಿನ ಅಂಚಿನಲ್ಲಂತೂ ಎರಡನ್ನೂ ಬಿಡಲೇಬಾರದು. ಕಟ್ಟಿದವರು ಹಣ ತೆಗೆದುಕೊಂಡು ಹೋಗುವ ಮೊದಲು ಮುಷ್ಟಿಯಿಂದ ಸುತ್ತಲೂ ಒತ್ತಿ ನೋಡಿ. ಮುಷ್ಟಿ ಅಂಚಿನಿಂದ ಆಚೆ ಹೋದರೆ ಬೆಕ್ಕೂ ಹೋಗುತ್ತದೆ.

ಈಗಿನ ಅಪಾರ್ಟ್‌ಮೆಂಟ್‌ಗಳಲ್ಲಿ ಹೆಚ್ಚು ಓಡುತ್ತಿರುವುದು ಇನ್‌ವಿಸಿಬಲ್ ಗ್ರಿಲ್, ಅಂದರೆ ಬಿಗಿದು ಕಟ್ಟಿದ ಸ್ಟೀಲ್ ತಂತಿಗಳು. ಕಡಿಯಲಾಗದು, ನೋಟಕ್ಕೂ ಚೆಂದ. ಆದರೆ ಎರಡಿಂಚು ಅಂತರದ ತಂತಿ ನಾಲ್ಕು ತಿಂಗಳ ಒಳಗಿನ ಮರಿಗೆ ಭದ್ರವಲ್ಲ. ಉದ್ದ ಹೆಚ್ಚಾದಷ್ಟೂ ತಂತಿಯ ನಡುಭಾಗ ಕೈಯಿಂದ ಅಗಲಿಸಿದರೆ ಸರಿಯುತ್ತದೆ, ಹಾಗಾಗಿ ದೊಡ್ಡ ಬಾಲ್ಕನಿಯಲ್ಲಿ ನಡುವೆ ಆಧಾರದ ಪಟ್ಟಿ ಹಾಕಿಸಿಕೊಳ್ಳಬೇಕು. ಮರಿ ತರುತ್ತಿದ್ದರೆ ಕೆಳಗಿನ ಮೂರಡಿಗೆ ಹೆಚ್ಚುವರಿಯಾಗಿ ಸಣ್ಣ ಕಣ್ಣಿನ ಬಲೆ ಬಿಗಿಸಿ. ಅದು ಬೆಳೆದ ಮೇಲೆ ತೆಗೆಯಬಹುದು.

ಕಿಟಕಿಗಳ ಮಟ್ಟಿಗೆ ನಮ್ಮ ಆಯ್ಕೆ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಕೂರಿಸಿದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸೊಳ್ಳೆ ಜಾಲರಿ. ಫೈಬರ್ ಜಾಲರಿಯನ್ನು ಉಗುರು ಒಂದೇ ವಾರದಲ್ಲಿ ಹರಿಯುತ್ತದೆ, ವೆಲ್ಕ್ರೋ ಅಂಟಿಸಿದ ಜಾಲರಿ ಒಂದು ದಿನವೂ ನಿಲ್ಲದು. ಸ್ಟೀಲ್ ಜಾಲರಿ ಹಾಕಿಸಿದವರೂ ಮರೆಯುವ ಸಂಗತಿ ಒಂದಿದೆ: ಸ್ಲೈಡಿಂಗ್ ಕಿಟಕಿಯ ಜಾಲರಿ ಬಾಗಿಲು ಹಗುರ. ಬೆಕ್ಕು ಚೌಕಟ್ಟಿನ ಅಂಚಿಗೆ ಪಂಜ ಸಿಕ್ಕಿಸಿ ಪಕ್ಕಕ್ಕೆ ಎಳೆದರೆ ಸರಾಗ ತೆರೆದುಕೊಳ್ಳುತ್ತದೆ. ಪ್ರತಿಯೊಂದಕ್ಕೂ ಚಿಕ್ಕ ಚಿಲಕ ಬೇಕು.

ಬಚ್ಚಲಮನೆಯ ವೆಂಟಿಲೇಟರ್ ಮೇಲೆ ಯಾರ ಕಣ್ಣೂ ಹೋಗುವುದಿಲ್ಲ. ಗಾಜಿನ ಪಟ್ಟಿಗಳನ್ನು ಒಂದರ ಕೆಳಗೊಂದು ಸಿಕ್ಕಿಸಿದ ಹಳೇ ನಮೂನೆಯದಾದರೆ ಆ ಪಟ್ಟಿಗಳು ಪಕ್ಕಕ್ಕೆ ಜಾರಿ ಹೊರಬರುತ್ತವೆ. ಹೆದರಿದ ಬೆಕ್ಕು ಮೊದಲ ರಾತ್ರಿ ಹುಡುಕುವುದೇ ಇಂಥ ಎತ್ತರದ ಕಿಂಡಿಯನ್ನು. ಎಕ್ಸಾಸ್ಟ್ ಫ್ಯಾನಿನ ತೂತು, ಎಸಿ ಪೈಪಿನ ತೂತು, ಯುಟಿಲಿಟಿಯ ಮೋರಿ, ಅಂಗಳದ ಸಂಪಿನ ಮುಚ್ಚಳ, ಇವನ್ನೆಲ್ಲ ಒಂದೇ ಸುತ್ತಿನಲ್ಲಿ ನೋಡಿ ಮುಗಿಸಿ. ಬಾಡಿಗೆ ಮನೆಯಾದರೆ ಗೋಡೆಗೆ ಮೊಳೆ ಹೊಡೆಯುವ ಮೊದಲು ಮಾಲೀಕರ ಒಪ್ಪಿಗೆ ಬರಹದಲ್ಲಿ ಇರಲಿ. ಅಪಾರ್ಟ್‌ಮೆಂಟ್ ಸಂಘದವರು ಪ್ರಾಣಿಯನ್ನೇ ಸಾಕಬಾರದು ಎಂದು ತಡೆಯುವಂತಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ.

ದತ್ತು ಕೊಡುವವರನ್ನು ಅಳೆಯುವುದು

ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ಪ್ರಾಣಿರಕ್ಷಣಾ ಸಂಸ್ಥೆಗಳಿವೆ. ಬೆಕ್ಕುಗಳ ಮಟ್ಟಿಗೆ ಹೆಚ್ಚಿನ ಕೆಲಸ ನಡೆಯುವುದು ತಮ್ಮ ಮನೆಯ ಒಂದು ಕೋಣೆಯಲ್ಲಿ ಮರಿಗಳನ್ನಿಟ್ಟು ಸಾಕಿ ದತ್ತು ಕೊಡುವ ಫಾಸ್ಟರ್‌ಗಳಿಂದ. ಯಾರೇ ಇರಲಿ, ಸೇವೆ ಒಳ್ಳೆಯದೋ ಅಲ್ಲವೋ ಎನ್ನುವುದು ಅವರು ಕೇಳುವ ಪ್ರಶ್ನೆಗಳಲ್ಲೇ ಗೊತ್ತಾಗುತ್ತದೆ. ಕಿಟಕಿ ಬಾಲ್ಕನಿಯ ಫೋಟೊ ಕೇಳುತ್ತಾರೆಯೇ? ಮನೆಯವರೆಲ್ಲರಿಗೂ ಒಪ್ಪಿಗೆಯೇ ಎಂದು ವಿಚಾರಿಸುತ್ತಾರೆಯೇ? ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು, ಸಂತಾನಹರಣ ಶಸ್ತ್ರಚಿಕಿತ್ಸೆ ಯಾವಾಗ ಮಾಡಿಸುತ್ತೀರಿ, ಹೊಂದಿಕೆಯಾಗದಿದ್ದರೆ ನಮಗೇ ವಾಪಸ್ ಕೊಡುತ್ತೀರಾ ಎಂದು ಕರಾರಿನಲ್ಲಿ ಬರೆಸಿಕೊಳ್ಳುತ್ತಾರೆಯೇ? ಈ ಪ್ರಶ್ನೆಗಳಿಗೆ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಬೇಸರಕ್ಕೆ ಕಾರಣವೇ ಇಲ್ಲ. ಇಷ್ಟು ಕೇಳುವವರು ಆ ಬೆಕ್ಕಿನ ಹೊಟ್ಟೆ, ಗಂಟಲು, ಹೆದರಿಕೆ ಎಲ್ಲವನ್ನೂ ಬಲ್ಲವರು, ಆರು ತಿಂಗಳ ನಂತರ ಕರೆ ಮಾಡಿದರೂ ಉತ್ತರಿಸುವವರು.

ಎಚ್ಚರಿಕೆ ಬೇಕಾದದ್ದು ಏನೂ ಕೇಳದೆ ಕೊಡುವವರ ಬಗ್ಗೆ. ಆರು ವಾರದ ಮರಿಯನ್ನು ರಟ್ಟಿನ ಡಬ್ಬದಲ್ಲಿ ಹಾಕಿ ಕೈಗಿಡುವವರು, ಲಸಿಕೆ ಕಾರ್ಡು “ಆಮೇಲೆ ಕಳಿಸ್ತೀವಿ” ಎನ್ನುವವರು, ಬೆಕ್ಕನ್ನೇ ತೋರಿಸದೆ ಸಾಗಣೆಯ ಮುಂಗಡ ಕೇಳುವವರು. ಮರಿ ತಾಯಿಯ ಬಳಿ, ಒಡಹುಟ್ಟಿದವರ ಜೊತೆ ಕನಿಷ್ಠ ಎಂಟು ವಾರವಾದರೂ ಇರಬೇಕು. ಕಚ್ಚುವುದು ಎಷ್ಟು ಮೆಲ್ಲಗಿರಬೇಕು ಎಂಬ ಪಾಠ ಅಲ್ಲೇ ಆಗುವುದು. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ತೂಕ ನೋಡಿ: ಚೆನ್ನಾಗಿ ತಿಂದುಂಡ ಮರಿ ತಿಂಗಳಿಗೆ ಸುಮಾರು 450 ಗ್ರಾಂನಂತೆ ಬೆಳೆಯುತ್ತದೆ, ಎರಡು ತಿಂಗಳಿಗೆ 900 ಗ್ರಾಂ. ಮೂರು ಬಣ್ಣದ ಬೆಕ್ಕು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ.

ಭೇಟಿಯಾದಾಗ ಕಿವಿಯೊಳಗೆ ಕಾಫಿಪುಡಿಯಂಥ ಕಪ್ಪು ಕಸ ಕಂಡರೆ ಕಿವಿಹುಳ. ತುಪ್ಪಳ ಬಾಚಿದಾಗ ಉದುರುವ ಕಪ್ಪು ಕಾಳನ್ನು ಒದ್ದೆ ಟಿಶ್ಯೂ ಮೇಲೆ ಹಾಕಿ ನೋಡಿ, ಕೆಂಪಾಗಿ ಕರಗಿದರೆ ಅದು ಚಿಗಟದ ಹಿಕ್ಕೆ. ವಸಡು ಬಿಳಚಿಕೊಂಡ ಪುಟ್ಟ ಮರಿಯಲ್ಲಿ ಚಿಗಟವೇ ರಕ್ತಹೀನತೆ ತಂದಿರಬಹುದು. ದುಂಡಗೆ ಕೂದಲು ಉದುರಿದ ಕಲೆ ಇದ್ದರೆ ಹುಳುಕಡ್ಡಿ ಇರಬಹುದು, ಮನುಷ್ಯರಿಗೂ ಅಂಟುತ್ತದೆ. ಇವೆಲ್ಲ ಗುಣವಾಗುವಂಥವು. ಇವಿದ್ದಾವೆಂದು ಬೆಕ್ಕನ್ನು ಬಿಟ್ಟುಬರಬೇಕಿಲ್ಲ, ಚಿಕಿತ್ಸೆ ಎಲ್ಲಿಗೆ ಬಂದಿದೆ ಎಂದು ಕೇಳಿ ತಿಳಿದುಕೊಂಡರೆ ಸಾಕು. ಕರಿ ಬೆಕ್ಕು, ಒಕ್ಕಣ್ಣ, ಮೂರು ವರ್ಷ ದಾಟಿದ ಹೆಣ್ಣುಬೆಕ್ಕು, ಇವಕ್ಕೆ ಕೇಳುವವರು ಕಡಿಮೆ. ಮೊದಲ ಸಲ ಸಾಕುವವರಿಗೆ ನಾವು ಹೇಳುವುದು ಇಂಥ ಬೆಳೆದ ಬೆಕ್ಕನ್ನೇ. ಸ್ವಭಾವ ಆಗಲೇ ಗೊತ್ತಿರುತ್ತದೆ, ಲಿಟರ್ (ಮಲಮೂತ್ರಕ್ಕೆಂದು ಟ್ರೇಯಲ್ಲಿ ಹಾಕುವ ಮಣ್ಣಿನಂಥ ಪುಡಿ) ಅಭ್ಯಾಸ ಆಗಿರುತ್ತದೆ, ರಾತ್ರಿ ಮೂರಕ್ಕೆ ಪರದೆ ಹತ್ತುವ ವಯಸ್ಸು ಮುಗಿದಿರುತ್ತದೆ.

ಕ್ಯಾರಿಯರ್

ಗಾಜಿನ ಗುಮ್ಮಟದಂಥ ಕಿಂಡಿ ಇರುವ ಬೆನ್ನಚೀಲ ಬೇಡ. ಬಿಸಿಲಲ್ಲಿ ಒಳಗೆ ಕಾವೇರುತ್ತದೆ, ಬೆಕ್ಕಿಗೆ ಅಡಗಲು ಮರೆಯೇ ಇಲ್ಲ. ಬಟ್ಟೆಯ ಚೀಲವೂ ಬೀದಿಯಿಂದ ಬಂದ ಬೆಕ್ಕಿಗೆ ಹೊಂದದು. ಜಿಪ್ಪಿನ ಎರಡು ಕೊಂಡಿಗಳ ನಡುವೆ ಮೂತಿ ತೂರಿಸಿ ಅಗಲಿಸಿಕೊಂಡು ಹೊರಬರುತ್ತವೆ. ನಾಲ್ಕು ಕಿಲೋ ತನಕದ ದೇಸಿ ಬೆಕ್ಕಿಗೆ ಸುಮಾರು 48–50 ಸೆಂ.ಮೀ. ಉದ್ದದ ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್, ಮುಂದಿನ ಬಾಗಿಲಿನ ಜೊತೆಗೆ ಮೇಲೂ ತೆರೆಯುವಂಥದ್ದು ಕೊಳ್ಳಿ. ಡಾಕ್ಟರ ಮೇಜಿನ ಮೇಲೆ ಬೆಕ್ಕನ್ನು ಬಾಗಿಲಿನಿಂದ ಎಳೆಯುವ ಪ್ರಮೇಯ ಬರುವುದಿಲ್ಲ, ಮೇಲ್ಭಾಗ ಬಿಚ್ಚಿದರೆ ಕೂತಲ್ಲೇ ತಪಾಸಣೆ ಆಗುತ್ತದೆ. ಅಗ್ಗದ ಮಾದರಿಗಳಲ್ಲಿ ಮೇಲಿನ ಮತ್ತು ಕೆಳಗಿನ ಭಾಗವನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ದುರ್ಬಲ. ಹಿಡಿಕೆ ಹಿಡಿದು ಎತ್ತಿದಾಗ ಭಾರಕ್ಕೆ ಕ್ಲಿಪ್ ಹಾರಿ ತಳ ಕಳಚಿಬೀಳುತ್ತದೆ. ನಾಲ್ಕು ಮೂಲೆಗೂ ಒಂದೊಂದು ಕೇಬಲ್ ಟೈ ಬಿಗಿದರೆ ಆ ಭಯವಿಲ್ಲ.

ಒಳಗೆ ಹಳೇ ಟವೆಲ್, ಅದರ ಕೆಳಗೆ ಎರಡು ಪದರ ದಿನಪತ್ರಿಕೆ. ಫಾಸ್ಟರ್ ಮನೆಯಲ್ಲಿ ಬೆಕ್ಕು ಮಲಗುತ್ತಿದ್ದ ಬಟ್ಟೆಯ ತುಂಡೊಂದನ್ನು ತೊಳೆಯದೆ ಕೇಳಿ ತನ್ನಿ, ಗೊತ್ತಿರುವ ವಾಸನೆ ಅದೊಂದೇ ಅದಕ್ಕೆ ಜೊತೆ. ಹೊರಡುವ ಮೂರು ಗಂಟೆ ಮುಂಚೆ ಊಟ ನಿಲ್ಲಿಸಿದರೆ ವಾಂತಿ ಕಡಿಮೆ. ಕಾರಿನಲ್ಲಾದರೆ ಮುಂದಿನ ಸೀಟಿನ ಹಿಂದೆ ನೆಲದ ಮೇಲೆ, ಆಟೋದಲ್ಲಾದರೆ ಕಾಲುಗಳ ನಡುವೆ, ಮೇಲೆ ತೆಳು ಬಟ್ಟೆ ಹೊದಿಸಿ. ದಾರಿಯಲ್ಲಿ ಎಷ್ಟೇ ಕೂಗಿದರೂ ಬಾಗಿಲು ತೆರೆಯಬಾರದು.

ಲಿಟರ್ ಮತ್ತು ಟ್ರೇ

ಹೊಸಬರು ತಪ್ಪುವುದು ಹೆಚ್ಚಾಗಿ ಇಲ್ಲೇ, ಅದೂ ಕಡಿಮೆ ಕೊಂಡು. ಬೆಕ್ಕು ತನ್ನ ಉಚ್ಚೆ, ಹೇಲನ್ನು ಅಗೆದು ಮುಚ್ಚುವ ಪ್ರಾಣಿ. ಅಗೆಯಲು ಆಳ ಬೇಕು, ತಿರುಗಲು ಅಗಲ ಬೇಕು. ಟ್ರೇ ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಇರಬೇಕು, ಲಿಟರ್ 7 ಸೆಂ.ಮೀ. ಆಳ ಇರಬೇಕು. ತಳ 45×35 ಸೆಂ.ಮೀ. ಇರುವ ಟ್ರೇಗೆ ಐದು ಕಿಲೋ ಬೆಂಟೊನೈಟ್ ಲಿಟರಿನ ಚೀಲ ಪೂರ್ತಿ ಸುರಿದರೆ ಸಿಗುವ ಆಳ ಮೂರೂವರೆ ಸೆಂ.ಮೀ. ಮಾತ್ರ. ಆಗ ಉಚ್ಚೆ ತಳಕ್ಕೆ ಇಳಿದು ಪ್ಲಾಸ್ಟಿಕ್‌ಗೆ ಅಂಟಿಕೊಂಡು ಗಾರೆಯಂತಾಗುತ್ತದೆ, ಕೆರೆದರೆ ಪುಡಿಯಾಗುತ್ತದೆ, ಎರಡೇ ದಿನದಲ್ಲಿ ಅಮೋನಿಯ ನಾತ. “ಈ ಲಿಟರ್ ಸರಿಯಿಲ್ಲ” ಎಂಬ ದೂರುಗಳಲ್ಲಿ ಬಹುಪಾಲು ಆಳ ಸಾಲದ ದೂರು. ಮೊದಲ ಸಲ ಇಂಥ ಒಂದು ಟ್ರೇಗೆ ಹತ್ತು ಕಿಲೋ ತನ್ನಿ, ಆಮೇಲೆ ತೆಗೆದಷ್ಟನ್ನು ತುಂಬುತ್ತ ಹೋದರಾಯಿತು.

ಬೆಂಟೊನೈಟ್ ಎಂದರೆ ನೀರು ತಗುಲಿದೊಡನೆ ಉಬ್ಬಿ ಉಂಡೆಗಟ್ಟುವ ಜೇಡಿ. ನಮ್ಮ ದೇಶದಲ್ಲೇ ಕಛ್ ಕಡೆ ಧಾರಾಳ ಸಿಗುವುದರಿಂದ ಬೆಲೆಯೂ ಕೈಗೆಟಕುತ್ತದೆ. ಒಳ್ಳೆಯದನ್ನು ಗುರುತಿಸುವುದು ಸುಲಭ: ಒಂದು ಬಟ್ಟಲಲ್ಲಿ ನಾಲ್ಕು ಚಮಚ ಲಿಟರ್ ಹಾಕಿ ನಡುವೆ ಒಂದು ಚಮಚ ನೀರು ಬಿಡಿ. ಹತ್ತು ನಿಮಿಷದ ನಂತರ ಉಂಡೆ ಎತ್ತಿ ಅರ್ಧ ಅಡಿ ಮೇಲಿಂದ ಬೀಳಿಸಿದರೆ ಒಡೆಯಬಾರದು. ಸುರಿಯುವಾಗ ಮೋಡದಂತೆ ಏಳುವ ದೂಳು ಇದ್ದರೆ ಆ ಚೀಲ ಬೇಡ. ಸೀನುವ ರೋಗದಿಂದ ಈಗಷ್ಟೇ ಚೇತರಿಸಿಕೊಂಡ ಬೀದಿ ಮರಿಗೆ ಆ ದೂಳು ಮತ್ತೆ ಕಾಟ ಕೊಡುತ್ತದೆ. ಲ್ಯಾವೆಂಡರ್, ನಿಂಬೆ ಪರಿಮಳದವು ನಮ್ಮ ಮೂಗಿಗಾಗಿ ಮಾಡಿದವು. ಬೆಕ್ಕುಗಳು ಪರಿಮಳ ಕಂಡು ಟ್ರೇ ಬಿಟ್ಟು ಮೂಲೆ ಹಿಡಿಯುವುದುಂಟು.

ಮೂರು ತಿಂಗಳ ಒಳಗಿನ ಮರಿಗೆ ಉಂಡೆಗಟ್ಟುವ ಲಿಟರ್ ಹಾಕಬೇಡಿ, ಅವು ಬಾಯಿಗೆ ಹಾಕಿಕೊಳ್ಳುತ್ತವೆ, ಹೊಟ್ಟೆಯಲ್ಲಿ ಉಬ್ಬುತ್ತದೆ. ಆ ವಯಸ್ಸಿಗೆ ಮರದ ಪುಡಿಯ ಗುಳಿಗೆ ವಾಸಿ. ಸೋಯಾದಿಂದ ಮಾಡುವ ಟೋಫು ಲಿಟರ್ ಕಿಲೋ ಲೆಕ್ಕದಲ್ಲಿ ದುಬಾರಿ, ಆದರೆ ಹಗುರ, ದೂಳು ಕಡಿಮೆ, ಲಿಫ್ಟಿಲ್ಲದ ಮೂರನೇ ಮಹಡಿಗೆ ಹೊರುವವರಿಗೆ ಅನುಕೂಲ. ಮಳೆಗಾಲದಲ್ಲಿ ಚೀಲದ ಬಾಯಿ ಬಿಗಿಯಾಗಿ ಕಟ್ಟದಿದ್ದರೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಹರಳು ಅಂಗಾಲಿಗೆ ಚುಚ್ಚುವುದರಿಂದ ಮಣ್ಣಿನ ಅಭ್ಯಾಸದ ಬೀದಿ ಬೆಕ್ಕುಗಳು ಅದನ್ನು ಒಪ್ಪುವುದು ಕಡಿಮೆ. ಬೆಳೆದ ಬೀದಿ ಬೆಕ್ಕಿಗೆ ಟ್ರೇ ಎಂದರೇನೆಂದೇ ಗೊತ್ತಿಲ್ಲದಿದ್ದರೆ ಮೇಲೆ ಎರಡು ಹಿಡಿ ತೋಟದ ಮಣ್ಣು ಉದುರಿಸಿ. ವಾರದಲ್ಲಿ ಮಣ್ಣು ಕಡಿಮೆ ಮಾಡುತ್ತ ಬನ್ನಿ.

ಮುಚ್ಚಳವಿರುವ ಟ್ರೇಗೆ ಹೆಚ್ಚು ಹಣ ಕೊಡಬೇಡಿ. ಪಾತ್ರೆ ಅಂಗಡಿಯಲ್ಲಿ ಸಿಗುವ, ಪಕ್ಕ 20 ಸೆಂ.ಮೀ. ಎತ್ತರವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತಂದು ಒಂದು ಬದಿಯನ್ನು 10 ಸೆಂ.ಮೀ.ಗೆ ಕತ್ತರಿಸಿ ಅಂಚು ಉಜ್ಜಿ ನಯ ಮಾಡಿದರೆ ಅದಕ್ಕಿಂತ ಒಳ್ಳೆಯ ಟ್ರೇ ಇಲ್ಲ. ಒಂದು ಬೆಕ್ಕಿಗೆ ಎರಡು ಟ್ರೇ, ಎರಡಕ್ಕೆ ಮೂರು. ದಿನಕ್ಕೆ ಎರಡು ಸಲ ಹೇಲು, ಉಚ್ಚೆಯ ಉಂಡೆ ಎತ್ತಬೇಕು. ಇದು ನಾತದ ಪ್ರಶ್ನೆಯಷ್ಟೇ ಅಲ್ಲ. ಟೊಕ್ಸೊಪ್ಲಾಸ್ಮಾ ಪರೋಪಜೀವಿ ಬೆಕ್ಕಿನ ಹೇಲಿನಲ್ಲಿದ್ದರೆ ಅದು ಅಂಟುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು, ದಿನವೂ ತೆಗೆದರೆ ಆ ಹಂತಕ್ಕೇ ಹೋಗುವುದಿಲ್ಲ. ಮನೆಯಲ್ಲಿ ಬಸುರಿ ಇದ್ದರೆ ಈ ಕೆಲಸ ಬೇರೆಯವರದು. ಇಷ್ಟಕ್ಕೇ ಬೆಕ್ಕನ್ನು ಮನೆಯಿಂದ ಹೊರಗೆ ಹಾಕಬೇಕೆನ್ನುವ ಮಾತಿಗೆ ಆಧಾರವಿಲ್ಲ. ಬೆಂಟೊನೈಟನ್ನು ಕಮೋಡಿಗೆ ಸುರಿದರೆ ಪೈಪಿನಲ್ಲೇ ಗಟ್ಟಿಯಾಗುತ್ತದೆ. ಕಾಗದದಲ್ಲಿ ಸುತ್ತಿ ಡೈಪರ್ ಹಾಕುವ ಕಸದ ಜೊತೆ ಕೊಡಿ.

ನೆಲ ಒರೆಸುವ ಬಾಟಲಿ

ದತ್ತು ತಯಾರಿಯಲ್ಲಿ ಯಾರೂ ಹೇಳದ, ಆದರೆ ನಮ್ಮ ಮನೆಗಳಲ್ಲೆಲ್ಲ ಇರುವ ಅಪಾಯ ಫಿನಾಯಿಲ್. ಕಪ್ಪು ಫಿನಾಯಿಲ್‌ನಲ್ಲಿ ಫಿನಾಲ್ ಜಾತಿಯ ರಾಸಾಯನಿಕ, ಬಿಳಿಯದರಲ್ಲಿ ಪೈನ್ ಎಣ್ಣೆ. ಡೆಟಾಲ್‌ನಲ್ಲೂ ಫಿನಾಲ್ ಬಗೆಯದೇ ಕ್ಲೋರೊಕ್ಸೈಲೆನಾಲ್. ಬೇರೆ ಪ್ರಾಣಿಗಳ ಯಕೃತ್ತು ಇವನ್ನು ಅರಗಿಸಿ ಹೊರಹಾಕುವ ದಾರಿ ಬೆಕ್ಕಿನಲ್ಲಿ ತೀರಾ ಕ್ಷೀಣ. ಒರೆಸಿದ ನೆಲದ ಮೇಲೆ ನಡೆದು ಪಂಜ ನೆಕ್ಕಿದರೆ ಸಾಕು, ದಿನದಿನವೂ ಒಳಗೆ ಸೇರುತ್ತದೆ. ಬೆನ್‌ಜಾಲ್ಕೋನಿಯಂ ಇರುವ ನೆಲದ ದ್ರವಗಳಿಂದ ನಾಲಗೆ ಹುಣ್ಣಾಗುತ್ತದೆ. ಬಿಸಿನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು, ಆಮೇಲೆ ಬರೀ ನೀರಿನ ಒರೆಸು, ದಿನಬಳಕೆಗೆ ಇಷ್ಟು ಸಾಕು. ಮನೆಕೆಲಸದವರಿಗೂ ಮೊದಲೇ ಹೇಳಿ, ಬಾಟಲಿಯನ್ನೇ ಮನೆಯಿಂದ ತೆಗೆಯಿರಿ.

ಸೋಂಕು ಕೊಲ್ಲಬೇಕಾದಾಗ ಬ್ಲೀಚ್ ಬಳಸಿ: 5 ಶೇಕಡಾ ಹೈಪೋಕ್ಲೋರೈಟ್ ದ್ರಾವಣ, ಲೀಟರ್ ನೀರಿಗೆ 30 ಮಿ.ಲೀ. ಮೊದಲು ಸೋಪಿನಿಂದ ತೊಳೆದು, ಉಚ್ಚೆಯ ಅಂಶ ಪೂರ್ತಿ ಹೋದ ಮೇಲೆ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಉಚ್ಚೆ ಇದ್ದ ಹಾಗೇ ಬ್ಲೀಚ್ ಸುರಿದರೆ ಉಸಿರುಗಟ್ಟಿಸುವ ಅನಿಲ ಏಳುತ್ತದೆ. ನಿಮ್ಮ ಮನೆಯಲ್ಲಿ ಈ ಮುಂಚೆ ಪ್ಯಾನ್‌ಲ್ಯುಕೊಪೀನಿಯ ಎಂಬ ಬೆಕ್ಕಿನ ವೈರಸ್ ರೋಗ ಬಂದು ಮರಿ ಸತ್ತಿದ್ದರೆ ಈ ಕೆಲಸ ಕಡ್ಡಾಯ. ಆ ವೈರಸ್ಸು ನೆಲ, ಬಟ್ಟೆ, ಚಪ್ಪಲಿಗಳಲ್ಲಿ ಒಂದು ವರ್ಷ ಕೂಡ ಬದುಕಿರಬಲ್ಲದು. ಅಂಥ ಮನೆಗೆ ಲಸಿಕೆ ಪೂರ್ತಿಯಾದ ಬೆಳೆದ ಬೆಕ್ಕನ್ನೇ ತನ್ನಿ.

ಜಿರಲೆಗೆ ಗೀಚುವ ಚಾಕ್‌ಪೀಸ್, ನುಸಿಗುಳಿಗೆ, ಇಲಿಪಾಷಾಣ, ನಾಯಿಗೆ ಹಾಕುವ ಪರ್ಮೆತ್ರಿನ್ ಉಣ್ಣೆ ಔಷಧ, ಇವೆಲ್ಲ ಬೆಕ್ಕಿಗೆ ವಿಷ. ಜ್ವರಕ್ಕೆಂದು ಪ್ಯಾರಾಸಿಟಮಾಲ್ ಚೂರು ಕೊಟ್ಟರೂ ಸಾಯಬಹುದು. ಲಿಲ್ಲಿ ಹೂವಿನ ಗುಚ್ಛ ಮನೆಗೆ ಬೇಡ. ದೇವರಮನೆಯ ಕಡೆಗೂ ಒಂದು ಕಣ್ಣಿರಲಿ: ಬಾಡಿದ ಮಲ್ಲಿಗೆ ಮಾಲೆಯ ದಾರ ಬೆಕ್ಕಿಗೆ ಆಟದ ಸಾಮಾನು. ಅದರ ನಾಲಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿರುವುದರಿಂದ ಬಾಯಿಗೆ ಹೋದ ದಾರವನ್ನು ಉಗುಳಲು ಬರುವುದಿಲ್ಲ, ನುಂಗುತ್ತಲೇ ಹೋಗುತ್ತದೆ. ಕರುಳು ದಾರದ ಸುತ್ತ ನೆರಿಗೆಗಟ್ಟಿ ಶಸ್ತ್ರಚಿಕಿತ್ಸೆಯೇ ಗತಿಯಾಗುತ್ತದೆ. ಹಿಂದಿನಿಂದಲೋ ಬಾಯಿಂದಲೋ ದಾರದ ತುದಿ ಕಂಡರೆ ಎಳೆಯಬೇಡಿ, ನೇರ ಡಾಕ್ಟರ ಬಳಿ ಹೋಗಿ.

ಊಟ

ಹಾಲನ್ನ, ಮೊಸರನ್ನ ಹಾಕಿ ಬೆಕ್ಕು ಸಾಕಿದ ತಲೆಮಾರು ನಮ್ಮಲ್ಲಿದೆ. ಆ ಬೆಕ್ಕುಗಳು ಬದುಕಿದ್ದು ಅನ್ನದಿಂದಲ್ಲ, ಅಟ್ಟದ ಇಲಿಗಳಿಂದ. ಮನೆಯೊಳಗೇ ಇರುವ ಬೆಕ್ಕಿಗೆ ಇಲಿಯಿಲ್ಲ. ಟೌರಿನ್ ಎಂಬ ಅಂಶ ಮಾಂಸದಿಂದಲೇ ಸಿಗಬೇಕು, ಅದಿಲ್ಲದಿದ್ದರೆ ಕಣ್ಣಿನ ಪರದೆ ಸವೆಯುತ್ತದೆ, ಹೃದಯ ಹಿಗ್ಗುತ್ತದೆ. ಸಸ್ಯಾಹಾರಿ ಮನೆಯವರು ದತ್ತಿಗೆ ಮೊದಲೇ ಇದನ್ನು ಒಪ್ಪಿಕೊಂಡಿರಬೇಕು. ಹಾಲು ಹೆಚ್ಚಿನ ಬೆಳೆದ ಬೆಕ್ಕುಗಳಿಗೆ ಭೇದಿ ತರುತ್ತದೆ.

ಚೀಲದ ಮೇಲಿನ ಚಿತ್ರ ಬಿಟ್ಟು ಹಿಂದಿನ ಪಟ್ಟಿ ಓದಿ. ಮೊದಲ ಹೆಸರು ಕೋಳಿಯೋ ಮೀನೋ ಆಗಿರಬೇಕು, ಜೋಳವೋ ಗೋಧಿಯೋ ಆಗಿದ್ದರೆ ಕೆಳಗಿಡಿ. “ಸಂಪೂರ್ಣ ಆಹಾರ” ಎಂದು ಬರೆದಿರಬೇಕು. ಟ್ರೀಟ್ ಪೊಟ್ಟಣಗಳಲ್ಲಿ ಅದು ಇರುವುದಿಲ್ಲ. ನಾಲ್ಕು ತಿಂಗಳ ಒಳಗಿನ ಮರಿಗೆ ರಾಯಲ್ ಕ್ಯಾನಿನ್‌ನ ಮದರ್ ಅಂಡ್ ಬೇಬಿಕ್ಯಾಟ್ ದುಬಾರಿಯಾದರೂ ಕಾಳು ಸಣ್ಣ, ಬೇಗ ನೆನೆಯುತ್ತದೆ. ಸೊರಗಿದ ಮರಿಗೆ ಮೊದಲ ತಿಂಗಳು ಆ ಹಣ ದಂಡವಲ್ಲ.

ಪ್ರಮಾಣ: ನಾಲ್ಕು ಕಿಲೋ ತೂಕದ, ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ. ಒಣ ಕಾಳಾದರೆ 50–55 ಗ್ರಾಂ. ಬೆಳಿಗ್ಗೆ ಸಂಜೆ ಒಂದೊಂದು 85 ಗ್ರಾಂ ಹಸಿ ಪೌಚ್ ಕೊಟ್ಟರೆ ಒಣ ಕಾಳು 15–20 ಗ್ರಾಂ ಸಾಕು. ಹಸಿ ಆಹಾರದ ಲಾಭ ನೀರು. ಬೆಕ್ಕು ತಾನಾಗಿ ನೀರು ಕುಡಿಯುವುದು ಕಡಿಮೆ, ಉಚ್ಚೆನಾಳ ಕಟ್ಟಿಕೊಳ್ಳುವ ತೊಂದರೆ ಗಂಡುಬೆಕ್ಕುಗಳಲ್ಲಿ ಪ್ರಾಣಾಂತಿಕ. ನೀರಿನ ಬಟ್ಟಲು ಊಟದ ಬಟ್ಟಲಿನಿಂದ ದೂರ ಇರಲಿ, ಸ್ಟೀಲಿನದೋ ಪಿಂಗಾಣಿಯದೋ ಆಗಿರಲಿ. ಮನೆಯಲ್ಲಿ ಬೇಯಿಸುವವರು ಬರೀ ಕೋಳಿ ತುಂಡು ಹಾಕಿದರೆ ಸುಣ್ಣದಂಶ ಸಾಲದು. ಕರಾವಳಿಯವರ ಬೂತಾಯಿಯನ್ನು ಹಸಿಯಾಗಿ ದಿನವೂ ಹಾಕಿದರೆ ಥಯಾಮಿನ್ (ಬಿ1 ಜೀವಸತ್ವ) ನಾಶವಾಗಿ ಬೆಕ್ಕು ತೂರಾಡುತ್ತದೆ, ಬೇಯಿಸಿದರೆ ಆ ದೋಷ ಹೋಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಯಾವತ್ತೂ ಬೇಡ.

ಮೊದಲ ವಾರ ಫಾಸ್ಟರ್ ಹಾಕುತ್ತಿದ್ದುದನ್ನೇ ಹಾಕಿ, ಆಮೇಲೆ ಏಳು ದಿನದಲ್ಲಿ ಸ್ವಲ್ಪಸ್ವಲ್ಪವೇ ಬದಲಿಸಿ.

ಡಾಕ್ಟರು

ತಂದ ಎರಡು ದಿನದೊಳಗೆ ಒಮ್ಮೆ ತೋರಿಸಿ. ನೋಬಿವ್ಯಾಕ್ ಟ್ರೈಕ್ಯಾಟ್ ಟ್ರಯೊದಂಥ ಮೂರು ರೋಗದ ಲಸಿಕೆ ಎಂಟು–ಒಂಬತ್ತು ವಾರಕ್ಕೆ, ಮತ್ತೆ ಮೂರು–ನಾಲ್ಕು ವಾರಕ್ಕೆ. ಮರಿಯಾದರೆ ಕೊನೆಯ ಡೋಸು 16 ವಾರ ತುಂಬಿದ ಮೇಲೆ ಬೀಳುವಂತೆ ನೋಡಿಕೊಳ್ಳಿ. ತಾಯಿಯಿಂದ ಬಂದ ರಕ್ಷಣೆ ಇರುವವರೆಗೆ ಲಸಿಕೆ ಪೂರ್ತಿ ಹಿಡಿಯದಿರಬಹುದು. ರೇಬೀಸ್ ಲಸಿಕೆ 12 ವಾರಕ್ಕೆ, ಆಮೇಲೆ ಡಾಕ್ಟರು ಹೇಳಿದಂತೆ ವರ್ಷವರ್ಷ. ಲಸಿಕೆ ಚರಿತ್ರೆ ಗೊತ್ತಿಲ್ಲದ ಬೀದಿ ಬೆಕ್ಕು ಪರಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಜಂತುಹುಳದ ಔಷಧ ಮರಿಗೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ನಂತರ ಮೂರು ತಿಂಗಳಿಗೊಮ್ಮೆ. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥದ್ದು ಅಂಟಿಕೊಂಡಿದ್ದರೆ ಅದು ಲಾಡಿಹುಳದ ತುಂಡು, ಚಿಗಟದ ಔಷಧವೂ ಜೊತೆಗೆ ಬೇಕು.

ಎಫ್‌ಐವಿ, ಎಫ್‌ಇಎಲ್‌ವಿ ಎಂಬ, ಬೆಕ್ಕಿನಿಂದ ಬೆಕ್ಕಿಗೆ ಅಂಟುವ ಎರಡು ವೈರಸ್ಸುಗಳ ರಕ್ತಪರೀಕ್ಷೆ ಹತ್ತು ನಿಮಿಷದ್ದು. ಮನೆಯಲ್ಲಿ ಆಗಲೇ ಬೆಕ್ಕಿದ್ದರೆ ಬಿಡಲೇಬೇಡಿ. ಆರು ತಿಂಗಳೊಳಗಿನ ಮರಿಗೆ ಎಫ್‌ಐವಿ ಪಾಸಿಟಿವ್ ಬಂದರೆ ಎದೆಗುಂದಬೇಡಿ, ತಾಯಿಯ ಪ್ರತಿಕಾಯಗಳೇ ಹಾಗೆ ತೋರಿಸಿರಬಹುದು. ಮರಿಗೆ ಆರು ತಿಂಗಳು ತುಂಬಿದ ಮೇಲೆ ಮತ್ತೆ ಮಾಡಿಸಿ. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, 63–65 ದಿನದಲ್ಲಿ ಮರಿ ಹಾಕುತ್ತದೆ. ಐದನೇ ತಿಂಗಳಿಗೆ ಮುಂಚೆ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಿ. ಬೆಂಗಳೂರಿನವರಿಗೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ. ರಾತ್ರಿ ತೆರೆದಿರುವ ಹತ್ತಿರದ ಕ್ಲಿನಿಕ್ಕಿನ ನಂಬರನ್ನು ಬೆಕ್ಕು ಬರುವ ಮೊದಲೇ ಫ್ರಿಜ್ಜಿನ ಮೇಲೆ ಅಂಟಿಸಿರಿ.

ಕೆರೆಯುವ ಕಂಬ, ಒಂದು ಕೋಣೆ

ಅಂಗಡಿಯ ಕೆರೆಯುವ ಕಂಬಗಳು ಬಹಳಷ್ಟು ಮೊಣಕಾಲೆತ್ತರಕ್ಕೂ ಬರುವುದಿಲ್ಲ, ತಳ ಹಗುರ. ಬೆಕ್ಕು ಒಮ್ಮೆ ಮೈಚಾಚಿ ಎಳೆದಾಗ ಕಂಬ ಮೈಮೇಲೆ ಬಿದ್ದರೆ ಮತ್ತೆ ಅತ್ತ ಸುಳಿಯುವುದಿಲ್ಲ, ಸೋಫಾಗೇ ಹೋಗುತ್ತದೆ. 110 ಮಿ.ಮೀ. ಪಿವಿಸಿ ಪೈಪು 85–90 ಸೆಂ.ಮೀ. ಉದ್ದ, ಕೆಳಗೆ 45 ಸೆಂ.ಮೀ. ಚೌಕದ ದಪ್ಪ ಪ್ಲೈವುಡ್, ಮೇಲಿನ 60 ಸೆಂ.ಮೀ.ಗೆ 8 ಮಿ.ಮೀ. ಕತ್ತಾಳೆ ಹಗ್ಗ. ಸುತ್ತಲು ಸುಮಾರು 28 ಮೀಟರ್ ಹಿಡಿಯುತ್ತದೆ, 30 ತನ್ನಿ. ತೆಂಗಿನ ನಾರಿನ ಹಗ್ಗ ಬೇಡ, ಸಿಬಿರು ಉದುರುತ್ತದೆ. ಇಷ್ಟೂ ತೊಂದರೆ ಬೇಡವೆಂದರೆ ಮಡಚಿದ ಗೋಣಿಚೀಲವನ್ನು ಸೋಫಾದ ಕೈಗೆ ಬಿಗಿಯಾಗಿ ಕಟ್ಟಿ, ಅದೂ ನಡೆಯುತ್ತದೆ.

ಬೆಕ್ಕಿಗೆ ಮೊದಲು ಇಡೀ ಮನೆ ಬೇಡ, ಒಂದು ಕೋಣೆ ಸಾಕು. ಒಂದು ಮೂಲೆಯಲ್ಲಿ ಟ್ರೇ, ಎದುರು ಮೂಲೆಯಲ್ಲಿ ಊಟ ನೀರು, ನಡುವೆ ಎರಡು ತೂತಿನ ರಟ್ಟಿನ ಡಬ್ಬ. ಮಂಚದ ಕೆಳಗಿನ, ಕಪಾಟಿನ ಹಿಂದಿನ ಸಂದುಗಳನ್ನು ಹಾಸಿಗೆ, ದಿಂಬುಗಳಿಂದ ತುಂಬಿ ಮುಚ್ಚಿ. ಅಡಗಲು ನಾವು ಕೊಟ್ಟ ಡಬ್ಬ ಇರಲಿ, ನಮ್ಮ ಕೈ ಎಟುಕದ ಸಂದು ಬೇಡ. ಕ್ಯಾರಿಯರ್ ಬಾಗಿಲು ತೆರೆದು ಅಲ್ಲೇ ಇಟ್ಟು ಹೊರಬನ್ನಿ. ಮೊದಲ ರಾತ್ರಿ ಊಟ ಮುಟ್ಟದೆ, ಲಿಟರ್‌ಗೆ ಹೋಗದೆ, ಡಬ್ಬದೊಳಗೆ ಕಣ್ಣರಳಿಸಿ ಕೂತಿರುವುದು ಸಹಜ. ಬೆಳೆದ ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಯಕೃತ್ತಿಗೆ ಕೊಬ್ಬು ತುಂಬುವ ಅಪಾಯವಿದೆ, ಮರಿಯಾದರೆ ಒಂದು ದಿನ ಕಾಯುವುದೂ ಹೆಚ್ಚು. ದೀಪಾವಳಿಯ ವಾರದಲ್ಲಿ ಮನೆಗೆ ತರಬೇಡಿ. ಮೊದಲೇ ಬೆಕ್ಕಿರುವ ಮನೆಯಲ್ಲಿ ಎರಡು ವಾರ ಬಾಗಿಲು ಮುಚ್ಚಿಯೇ ಇರಬೇಕು, ರೋಗ ಹೊರಬೀಳಲು ಅಷ್ಟು ಸಮಯ ಬೇಕು. ಅಷ್ಟರಲ್ಲಿ ಟವೆಲ್ ಅದಲುಬದಲು ಮಾಡುತ್ತ ವಾಸನೆ ಪರಿಚಯಿಸಿ.

ಬಾಲ ನೆಟ್ಟಗೆ ಎತ್ತಿಕೊಂಡು ಬಾಗಿಲ ಬಳಿ ಬಂದು ನಿಂತ ದಿನ ಉಳಿದ ಮನೆಯನ್ನು ತೋರಿಸಬಹುದು. ಆ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಇನ್ನೊಮ್ಮೆ ಬಾಲ್ಕನಿಗೆ ಹೋಗಿ, ಬಲೆಯ ಕೆಳಗಿನ ಅಂಚನ್ನು ಮುಷ್ಟಿಯಿಂದ ಕೊಕ್ಕೆ ಕೊಕ್ಕೆಗೂ ಒತ್ತಿ ನೋಡಿ ಬನ್ನಿ.